ಟೆಲಿಸ್ಕೋಪ್ ಆಮೇಲೆ, ಮೊದಲು ಬೈನಾಕ್ಯುಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಈ ಅಂಕಣದ ಕೊನೆಗೆ ಒಂದು ಮಾತು ಬರೆದಿದ್ದೆ. ನಕ್ಷತ್ರ ನೋಡುವ ಆಸೆ ಇದ್ದರೆ ಟೆಲಿಸ್ಕೋಪಿಗೆ ದುಡ್ಡು ಹಾಕುವ ಮೊದಲು ಒಂದು ಬೈನಾಕ್ಯುಲರ್ ಹಿಡಿದು ಅಂಗಳಕ್ಕೆ ಇಳಿಯಿರಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಬ್ಬರು ಬೈದೂ ಬರೆದಿದ್ದಾರೆ, ಅವರಿಗೂ ಉತ್ತರ ಇದೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗನಿಗೆ ಟೆಲಿಸ್ಕೋಪ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಾಗಿದೆ. ಅಂಗಡಿಯಲ್ಲಿ ಐದು ಸಾವಿರಕ್ಕೆ ಒಂದು ಇದೆ, ಡಬ್ಬಿಯ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿದೆ. ಅದನ್ನು ಬಿಟ್ಟು ಬೈನಾಕ್ಯುಲರ್ ತಗೊಳ್ಳಿ ಅಂದರೆ ಅವನು ಕೇಳುತ್ತಾನಾ? — ಒಬ್ಬ ಅಪ್ಪ, ಹಾಸನ

ಕೇಳುವುದಿಲ್ಲ. ಆದರೂ ಅದನ್ನು ಕೊಡಿಸಬೇಡಿ. ಟೆಲಿಸ್ಕೋಪಿನ ಮುಂದಿನ ಗಾಜು ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟು ಹಿಗ್ಗಿಸಿದರೆ ಅಲ್ಲಿಗೆ ಮುಗಿಯಿತು, ಅದಕ್ಕಿಂತ ಮೇಲೆ ಏನು ಮಾಡಿದರೂ ಮಸುಕೇ ದೊಡ್ಡದಾಗುತ್ತದೆ. 60 ಮಿ.ಮೀ. ಗಾಜಿಗೆ 120 ಪಟ್ಟು ಅಂದರೇ ಹೆಚ್ಚು. 525 ಅನ್ನುವುದು ಡಬ್ಬಿಗೆ ಅಂಟಿಸಿದ ಸಂಖ್ಯೆ, ಅಷ್ಟೇ. ಇನ್ನು ಆ ದರದಲ್ಲಿ ಬರುವ ಸ್ಟ್ಯಾಂಡ್ ಇದೆಯಲ್ಲ, ಗಾಳಿ ಬೀಸಿದರೆ ನಡುಗುತ್ತದೆ. ಚಂದ್ರನನ್ನು ಕಷ್ಟಪಟ್ಟು ಹಿಡಿದು "ಬಾರೋ ನೋಡು" ಅಂತ ಮಗನನ್ನು ಕರೆಯುವಷ್ಟರಲ್ಲಿ ಚಂದ್ರ ಆ ಕಡೆ ಜಾರಿ ಹೋಗಿರುತ್ತಾನೆ. ಎರಡು ರಾತ್ರಿ ಆದಮೇಲೆ ಅದು ಅಟ್ಟ ಸೇರುತ್ತದೆ. ನಾನು ಇಂಥ ಅಟ್ಟಗಳನ್ನು ಬೇಕಾದಷ್ಟು ನೋಡಿದ್ದೇನೆ.

ಅದೇ ದುಡ್ಡಿಗೆ ಇನ್ನು ಸ್ವಲ್ಪ ಸೇರಿಸಿದರೆ ಒಂದು ಮಟ್ಟದ 10×50 ಬೈನಾಕ್ಯುಲರ್ ಬರುತ್ತದೆ. ಎರಡು ಕಣ್ಣಿನಿಂದ ನೋಡಬಹುದು, ಮೇಲಿನದು ಮೇಲೆ ಕೆಳಗಿನದು ಕೆಳಗೆ ಸರಿಯಾಗಿ ಕಾಣುತ್ತದೆ, ಒಂದೇ ನೋಟಕ್ಕೆ ಹನ್ನೆರಡು ಹದಿಮೂರು ಚಂದ್ರರನ್ನು ಸಾಲಾಗಿ ಇಡುವಷ್ಟು ಆಕಾಶ ಸಿಗುತ್ತದೆ. ನಕ್ಷತ್ರದಲ್ಲಿ ಆಸಕ್ತಿ ಹೋದರೂ ಮಗ ಅದರಲ್ಲಿ ಹಕ್ಕಿ ನೋಡುತ್ತಾನೆ, ಕ್ರಿಕೆಟ್ ನೋಡುತ್ತಾನೆ.

ಪ್ರಶ್ನೆ: 8×32, 7×50, 10×50, 20×50, ಜೂಮ್... ಈ ನಂಬರುಗಳ ಗಲಾಟೆಯಲ್ಲಿ ತಲೆ ಕೆಟ್ಟಿದೆ. ಯಾವುದು ತಗೊಳ್ಳಲಿ, ಒಂದೇ ಮಾತಿನಲ್ಲಿ ಹೇಳಿ. — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

10×50. ಒಂದೇ ಮಾತು ಮುಗಿಯಿತು, ಈಗ ಕಾರಣ ಕೇಳಿ.

ಮೊದಲ ಸಂಖ್ಯೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ರಾತ್ರಿ ಹೊತ್ತು ಮುಖ್ಯ ಆಗುವುದು ಎರಡನೆಯದೇ. ಪೂರ್ತಿ ಕತ್ತಲಲ್ಲಿ ನಿಮ್ಮ ವಯಸ್ಸಿನವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ. 50 ಮಿ.ಮೀ. ಗಾಜು ಅದರ ಐವತ್ತರಷ್ಟು ಬೆಳಕನ್ನು ಬಾಚಿ ತರುತ್ತದೆ. ಈಗ 50ನ್ನು 10ರಿಂದ ಭಾಗಿಸಿ, 5 ಬಂತಲ್ಲ, ಅದು ಕಣ್ಣಿನ ಕಡೆಯಿಂದ ಹೊರಬರುವ ಬೆಳಕಿನ ಕಂಬಿಯ ದಪ್ಪ. ಬೈನಾಕ್ಯುಲರನ್ನು ಒಂದು ಗೇಣು ದೂರ ಹಿಡಿದು ಹಗಲಲ್ಲಿ ನೋಡಿ, ಕಣ್ಣಿಡುವ ಗಾಜಿನ ಮಧ್ಯೆ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ, ಅದೇ ಅದು. ಆ ಬಿಲ್ಲೆ ದುಂಡಗಿದ್ದರೆ ಒಳಗಿನ ಪಟ್ಟಕ (ಪ್ರಿಸಂ) ಚೆನ್ನಾಗಿದೆ ಅಂತ. ಅಂಚು ಕತ್ತರಿಸಿ ಚೌಕದ ಹಾಗೆ ಕಂಡರೆ ಅಂಗಡಿಯಲ್ಲೇ ವಾಪಸ್ ಕೊಟ್ಟು ಬನ್ನಿ. 7×50ಯಲ್ಲಿ ಬಿಲ್ಲೆ 7 ಮಿ.ಮೀ., ನಿಮಗೆ ಸರಿ. ಆದರೆ ನನ್ನಂಥ ಐವತ್ತು ದಾಟಿದವರ ಪಾಪೆ 5ಕ್ಕಿಂತ ಜಾಸ್ತಿ ಅರಳುವುದು ಕಷ್ಟ, ಉಳಿದ ಬೆಳಕು ಸುಮ್ನೆ ಹೊರಗೆ ಹೋಗುತ್ತದೆ. 20×50 ಕೈಯಲ್ಲಿ ನಿಲ್ಲುವುದಿಲ್ಲ, ನಿಮ್ಮ ಎದೆಬಡಿತವೂ ಅದರಲ್ಲಿ ಕಾಣುತ್ತದೆ. 8×32 ಮನೆಯಲ್ಲಿ ಇದ್ದರೆ ಬಿಸಾಡಬೇಡಿ, ಅದರಲ್ಲೇ ಶುರು ಮಾಡಿ.

ಜೂಮ್ ಮಾತ್ರ ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಬೈನಾಕ್ಯುಲರ್ ಒಂದು ಜಾತ್ರೆಯಲ್ಲಿ ಚೌಕಾಸಿ ಮಾಡಿ ತಂದ ಜೂಮ್. ಮುಂದಿನ ಗಾಜು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿತ್ತು, ಅದಕ್ಕೇ ಮರುಳಾದೆ. ಆ ಕೆಂಪು ಲೇಪ ಒಳಗೆ ಹೋಗಬೇಕಾದ ಬೆಳಕನ್ನು ವಾಪಸ್ ಕಳಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಜೊತೆಗೆ ಎರಡು ಕಡೆಯ ಜೂಮ್ ಒಂದೇ ಸಮ ಓಡುತ್ತಿರಲಿಲ್ಲ. ಒಬ್ಬನೇ ಚಂದ್ರ, ಅವನ ಪಕ್ಕ ಇನ್ನೊಬ್ಬ ಸ್ವಲ್ಪ ಸಣ್ಣ ಚಂದ್ರ. ಹತ್ತು ನಿಮಿಷ ನೋಡಿದರೆ ತಲೆನೋವು. ಗಾಜಿನ ಮೇಲೆ ಹಸಿರು ಇಲ್ಲವೇ ನೇರಳೆ ಛಾಯೆ ಇರುವುದನ್ನೇ ಆರಿಸಿ. ಅಂಗಡಿಯಿಂದ ಹೊರಗೆ ಬಂದು ದೂರದ ಕರೆಂಟ್ ಕಂಬದ ತಂತಿ ನೋಡಿ, ತಂತಿ ಎರಡೆರಡು ಕಂಡರೆ ಅದೂ ಬೇಡ.

ಪ್ರಶ್ನೆ: ಯಜಮಾನರ ಹಳೇ 10×50 ಇದೆ. ಎತ್ತಿ ಹಿಡಿದರೆ ಐದು ನಿಮಿಷಕ್ಕೆ ಕೈ ನಡುಕ, ಕುತ್ತಿಗೆ ನೋವು. ನಕ್ಷತ್ರಗಳೆಲ್ಲ ಮಿಂಚುಹುಳದ ಹಾಗೆ ಕುಣಿಯುತ್ತವೆ. ತೋಟದ ಮನೆ, ಸುತ್ತ ಒಂದು ದೀಪವೂ ಇಲ್ಲ. ಏನು ಮಾಡಲಿ? — ಗೃಹಿಣಿ, ಶಿರಸಿ ಹತ್ತಿರ

ಒಂದು ದೀಪವೂ ಇಲ್ಲ ಅಂತ ಬರೆದು ಹೊಟ್ಟೆಕಿಚ್ಚು ಮಾಡಿಸಿದಿರಿ.

ನಿಂತು ನೋಡಬೇಡಿ, ಮಲಗಿ ನೋಡಿ. ಅಡಿಕೆ ಒಣಗಿಸುವ ಅಂಗಳ ಇದ್ದೇ ಇರುತ್ತದೆ, ಅಲ್ಲಿ ಚಾಪೆ ಹಾಸಿ ತಲೆಗೆ ದಿಂಬು ಕೊಡಿ. ಆರಾಮ ಕುರ್ಚಿ ಇದ್ದರೆ ಇನ್ನೂ ಒಳ್ಳೆಯದು, ಮೊಣಕೈಯನ್ನು ಕುರ್ಚಿಯ ಕೈ ಮೇಲೆ ಊರಬಹುದು. ಬೈನಾಕ್ಯುಲರಿನ ಮಧ್ಯಭಾಗ ಹಿಡಿಯುವ ಬದಲು ಒಂದು ಕೈಯನ್ನು ಮುಂದೆ, ಗಾಜಿನ ಹತ್ತಿರಕ್ಕೆ ಸರಿಸಿ ಹಿಡಿಯಿರಿ. ಅಷ್ಟಕ್ಕೇ ನಡುಕ ಅರ್ಧ ಇಳಿಯುತ್ತದೆ. ಇನ್ನೊಂದು ಉಪಾಯ ಇದೆ. ದೋಟಿಯ ಮುರಿದ ತುಂಡೋ, ನೆಲ ಒರೆಸುವ ಕೋಲೋ, ಯಾವುದಾದರೂ ಒಂದನ್ನು ನೆಲಕ್ಕೆ ಊರಿ ಅದರ ತುದಿಗೆ ಬೈನಾಕ್ಯುಲರಿನ ನಡುಭಾಗವನ್ನು ಬಟ್ಟೆಯಿಂದ ಕಟ್ಟಿ. ಕುರ್ಚಿಯಲ್ಲಿ ಕೂತು ಕೋಲನ್ನು ಎರಡು ಮಂಡಿಗಳ ಮಧ್ಯೆ ಹಿಡಿದರೆ ಕುಣಿಯುತ್ತಿದ್ದ ಮಿಂಚುಹುಳಗಳೆಲ್ಲ ಚುಕ್ಕಿಗಳಾಗಿ ನಿಲ್ಲುತ್ತವೆ. ನಿಂತ ಗಳಿಗೆಯಲ್ಲೇ ಮೊದಲು ಕಾಣದೇ ಇದ್ದ ಮಸುಕು ನಕ್ಷತ್ರಗಳು ಒಂದೊಂದಾಗಿ ಹೊರಗೆ ಬರುತ್ತವೆ, ನೋಡಿ.

ಫೋಕಸ್ ಸರಿ ಮಾಡಿಕೊಳ್ಳುವ ಕ್ರಮ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ನಕ್ಷತ್ರ ಚೂಪಾಗುವ ತನಕ ಮಧ್ಯದ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆ ಕಣ್ಣಿಡುವ ಉಂಗುರವನ್ನು ಮಾತ್ರ ತಿರುಗಿಸಿ. ಅದು ನಿಮ್ಮ ಅಳತೆ. ಯಜಮಾನರು ನೋಡಿದ ಮೇಲೆ ಮತ್ತೆ ಸರಿ ಮಾಡಿಕೊಳ್ಳಬೇಕಾಗುತ್ತದೆ, ಅದಕ್ಕೆ ಜಗಳ ಬೇಡ. ಕನ್ನಡಕ ಇದ್ದು ಬರೀ ದೂರದೃಷ್ಟಿ ಅಥವಾ ಸಮೀಪದೃಷ್ಟಿಯ ದೋಷವಾದರೆ ತೆಗೆದಿಟ್ಟು ನೋಡಬಹುದು. ಸಿಲಿಂಡರ್ ಪವರ್ ಇದ್ದರೆ ಕನ್ನಡಕ ಹಾಕಿಕೊಂಡೇ, ರಬ್ಬರ್ ಬಟ್ಟಲನ್ನು ಹಿಂದಕ್ಕೆ ಮಡಚಿ ನೋಡಿ.

ಹೊರಗೆ ಬಂದ ಕೂಡಲೇ ಏನೂ ಕಾಣುವುದಿಲ್ಲ, ಕಣ್ಣಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಕತ್ತಲೆ ಕೊಡಬೇಕು. ಮೊಬೈಲ್ ಒಮ್ಮೆ ನೋಡಿದರೆ ಮತ್ತೆ ಮೊದಲಿಂದ. ಹಾವಿನ ಭಯಕ್ಕೆ ಟಾರ್ಚ್ ಬೇಕೇ ಬೇಕು ಅಂದರೆ ಅದರ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ. ದೀಪಾವಳಿ ಕಳೆದು ಮಳೆ ಮೋಡ ಸರಿದ ಮೇಲೆ, ನವೆಂಬರ್ ಕೊನೆಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಎಂಟು ಗಂಟೆಗೆ ಉತ್ತರಕ್ಕೆ ಮುಖ ಮಾಡಿ ಎತ್ತರದಲ್ಲಿ ದೇವಯಾನಿ ನಕ್ಷತ್ರಪುಂಜ ಹುಡುಕಿ. ಅಲ್ಲಿ ಉದ್ದಕ್ಕೆ ಎಳೆದ ಹೊಗೆಯ ಹಾಗೆ ಒಂದು ಮಸುಕು ಇದೆ. ಅದು ನಮ್ಮ ಕ್ಷೀರಪಥದ ಒಳಗಿನದ್ದಲ್ಲ, ಬೇರೆಯದೇ ಗ್ಯಾಲಕ್ಸಿ. ಆ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ. ನೇರ ನೋಡಿದರೆ ಮಾಯ ಆಗುತ್ತದೆ, ವಾರೆಗಣ್ಣಲ್ಲಿ ನೋಡಿ. ಮಸುಕು ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಪಕ್ಕಕ್ಕೆ ಇವೆ, ಅದಕ್ಕೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್, ಏಳನೇ ಮಹಡಿ, ಪೂರ್ವಕ್ಕೆ ಬಾಲ್ಕನಿ. ಬರಿಗಣ್ಣಿಗೆ ಹತ್ತು ನಕ್ಷತ್ರವೂ ಕಾಣುವುದಿಲ್ಲ. ಅಂಗಳ ಅಂತ ಬರೆಯುತ್ತೀರಲ್ಲ, ಅಂಗಳ ಇರುವವರಿಗೆ ಮಾತ್ರವಾ ನಿಮ್ಮ ಅಂಕಣ? — ಬೈದು ಬರೆದ ಓದುಗರು

ತಪ್ಪಾಯಿತು. ಬಾಲ್ಕನಿಯೂ ಅಂಗಳವೇ.

ಹತ್ತು ನಕ್ಷತ್ರ ಕಾಣದ ಊರಿನಲ್ಲೇ ಬೈನಾಕ್ಯುಲರಿನ ಬೆಲೆ ಗೊತ್ತಾಗುವುದು. ಡಿಸೆಂಬರ್ ಮೊದಲ ವಾರ ಸಂಜೆ ಏಳೂವರೆಗೆ ನಿಮ್ಮ ಬಾಲ್ಕನಿಯ ಮುಂದೆ ಮೂರೂವರೆ ಮುಷ್ಟಿ ಎತ್ತರದಲ್ಲಿ ಕೃತ್ತಿಕೆ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ 10 ಡಿಗ್ರಿ, ಇದೊಂದು ಅಳತೆ ನೆನಪಿಟ್ಟುಕೊಳ್ಳಿ. ಬರಿಗಣ್ಣಿಗೆ ಅಲ್ಲಿ ಏನೋ ಒರೆಸಿದ ಹಾಗಿರುತ್ತದೆ. ಬೈನಾಕ್ಯುಲರ್ ಎತ್ತಿ ನೋಡಿ, ಕಪ್ಪು ಬಟ್ಟೆಯ ಮೇಲೆ ವಜ್ರದ ಓಲೆ ಬಿಚ್ಚಿ ಇಟ್ಟ ಹಾಗೆ ನಲವತ್ತು ಐವತ್ತು ನೀಲಿ ಚುಕ್ಕಿಗಳು. ಟೆಲಿಸ್ಕೋಪಿನಲ್ಲಿ ಈ ಸೊಗಸು ಇಲ್ಲ, ಅದರ ಕಿಂಡಿಗೆ ಕೃತ್ತಿಕೆ ಪೂರ್ತಿ ಹಿಡಿಸುವುದೇ ಕಷ್ಟ. ಅದರ ಕೆಳಗೆ ರೋಹಿಣಿ, ಕಿತ್ತಳೆ ಬಣ್ಣ. ಒಂಬತ್ತು ಗಂಟೆ ಆದಮೇಲೆ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಮೇಲೆ ಬಂದಿರುತ್ತಾನೆ. ಅವನ ಸೊಂಟದ ಮೂರು ನಕ್ಷತ್ರಗಳ ಪಕ್ಕದಲ್ಲಿ ಕತ್ತಿ ನೇತುಹಾಕಿದ ಹಾಗೆ ಒಂದು ಸಣ್ಣ ಸಾಲಿದೆ, ಅದರ ಮಧ್ಯದಲ್ಲಿ ಕನ್ನಡಿಗೆ ಉಸಿರು ಬಿಟ್ಟಂತಹ ಮಸುಕು. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಾಗ, 1,300 ಜ್ಯೋತಿರ್ವರ್ಷಕ್ಕಿಂತ ಆಚೆ. ಫೋಟೋದಲ್ಲಿರುವ ಗುಲಾಬಿ ಬಣ್ಣ ಮಾತ್ರ ಕಾಣುವುದಿಲ್ಲ. ಬೂದು ಬಣ್ಣವೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಂದು ಪತ್ರ ಬರೆಯಬೇಡಿ.

ಚಂದ್ರ, ಗುರು, ಶುಕ್ರರಿಗೆ ಊರಿನ ಬೆಳಕಿನ ಹಂಗಿಲ್ಲ. ಹುಣ್ಣಿಮೆ ದಿನ ಚಂದ್ರ ಚಪ್ಪಟೆ, ಅಷ್ಟಮಿಯ ಆಸುಪಾಸಿನಲ್ಲಿ ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಗುಂಡಿಗಳ ಅಂಚು ಎದ್ದು ಕಾಣುತ್ತದೆ. ಮತ್ತೆ, ಬೆಸ್ಕಾಂ ದಯೆಯಿಂದ ಕರೆಂಟ್ ಹೋದಾಗ ಕ್ಯಾಂಡಲ್ ಹುಡುಕಬೇಡಿ. ಬಾಲ್ಕನಿಗೆ ಓಡಿ.

ಪ್ರಶ್ನೆ: ನಾನು ಗುರುಗ್ರಹದ ಪಕ್ಕ ಸಾಲಾಗಿ ಮೂರು ಚುಕ್ಕಿ ನೋಡಿದೆ. ಅಣ್ಣ ಅದು ಗಾಜಿನ ಮೇಲಿನ ಧೂಳು ಅನ್ನುತ್ತಾನೆ. ಮರುದಿನ ನೋಡಿದರೆ ನಾಲ್ಕು ಇದ್ದವು! — ಏಳನೇ ತರಗತಿ, ಚಿಕ್ಕಮಗಳೂರು

ಪುಟ್ಟೀ, ಅಣ್ಣನಿಗೆ ಹೇಳು, ಧೂಳು ರಾತ್ರೋರಾತ್ರಿ ಮೂರರಿಂದ ನಾಲ್ಕಾಗಿ ಸಾಲು ಕಟ್ಟಿ ನಿಲ್ಲುವುದಿಲ್ಲ. ನೀನು ನೋಡಿದ್ದು ಗುರುವಿನ ಚಂದ್ರರನ್ನು. ಅಯೋ, ಯೂರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ. 1610ರ ಜನವರಿಯಲ್ಲಿ ಗೆಲಿಲಿಯೋ ಮೊದಲ ಸಲ ನೋಡಿದಾಗ ಅವನಿಗೂ ಮೂರೇ ಕಂಡಿದ್ದವು, ಕೆಲವು ದಿನ ಬಿಟ್ಟು ನಾಲ್ಕನೆಯದು ಸಿಕ್ಕಿತು. ನಿನಗೆ ಒಂದೇ ದಿನಕ್ಕೆ ಸಿಕ್ಕಿದೆ.

ಈಗ ಒಂದು ನೋಟ್‌ಬುಕ್ ತಗೋ. ದಿನಾ ಒಂದೇ ಹೊತ್ತಿಗೆ ನೋಡಿ, ಮಧ್ಯ ಒಂದು ಸೊನ್ನೆ ಹಾಕಿ, ಎಡಕ್ಕೆ ಬಲಕ್ಕೆ ಚುಕ್ಕಿ ಇಡು, ದಿನಾಂಕ ಬರಿ. ಬೈನಾಕ್ಯುಲರನ್ನು ಕಾಂಪೌಂಡ್ ಗೋಡೆ ಮೇಲೆ ಒತ್ತಿ ಹಿಡಿದುಕೋ, ಇಲ್ಲದಿದ್ದರೆ ಗುರುವಿನ ಹೊಳಪಿನಲ್ಲಿ ಚುಕ್ಕಿ ಮುಳುಗಿ ಹೋಗುತ್ತದೆ. ಅಯೋ ಎರಡು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತದೆ, ಕ್ಯಾಲಿಸ್ಟೋಗೆ ಹತ್ತಿರ ಹತ್ತಿರ 17 ದಿನ ಬೇಕು. ಒಂದು ತಿಂಗಳು ಬರೆದರೆ ಯಾವುದು ಯಾರು ಅಂತ ನೀನೇ ಹೇಳಬಹುದು. ಒಂದು ಚುಕ್ಕಿ ಕಾಣದಿದ್ದರೆ ಅದು ಗುರುವಿನ ಹಿಂದೆಯೋ ಮುಂದೆಯೋ ಇದೆ ಅಂತ ಅರ್ಥ. ಪುಸ್ತಕ ತುಂಬಿದ ಮೇಲೆ ನಮಗೂ ಒಂದು ಪುಟ ಕಳಿಸು.

ಶನಿಯ ಬಳೆ ಕಾಣುತ್ತದಾ ಅಂತ ಇನ್ನೂ ನಾಲ್ಕು ಜನ ಕೇಳಿದ್ದಾರೆ. 10 ಪಟ್ಟಿನಲ್ಲಿ ಇಲ್ಲ. ಚುಕ್ಕಿ ಸ್ವಲ್ಪ ಮೊಟ್ಟೆಯಾಕಾರ ಅನ್ನಿಸಬಹುದು, ಅಷ್ಟೇ. ಅದಕ್ಕೆ ಟೆಲಿಸ್ಕೋಪೇ ಬೇಕು, ಇಲ್ಲಿ ನಾನು ಸೋತೆ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಇಂಗ್ಲಿಷ್ ಪುಸ್ತಕ ತರಿಸಿಕೊಂಡು ನೋಡುತ್ತಿದ್ದೇನೆ. ಅದರಲ್ಲಿ ತಲೆಯ ಮೇಲೆ ಇದೆ ಅಂದದ್ದು ನಮ್ಮಲ್ಲಿ ಉತ್ತರದ ಕಡೆ ವಾಲಿರುತ್ತದೆ. ಧ್ರುವ ನಕ್ಷತ್ರವಂತೂ ತೆಂಗಿನ ಮರದ ಹಿಂದೆ. ತಪ್ಪು ನನ್ನದೋ ಪುಸ್ತಕದ್ದೋ? — ಮೈಸೂರು

ಯಾರದ್ದೂ ಅಲ್ಲ ಸರ್. ಆ ಪುಸ್ತಕಗಳ ನಕ್ಷೆ ಬರೆದಿರುವುದು 40, 50 ಡಿಗ್ರಿ ಉತ್ತರದಲ್ಲಿ ಇರುವವರಿಗೆ. ನೀವಿರುವುದು 12 ಡಿಗ್ರಿ ಚಿಲ್ಲರೆಯಲ್ಲಿ. ಧ್ರುವ ನಿಮಗೆ ದಿಗಂತದಿಂದ ಅಷ್ಟೇ ಎತ್ತರ, ಅಂದರೆ ಒಂದು ಮುಷ್ಟಿಗಿಂತ ಚೂರು ಮೇಲೆ. ತೆಂಗಿನ ಮರ ಅಡ್ಡ ಬಂದರೆ ಆಶ್ಚರ್ಯ ಇಲ್ಲ.

ಆದರೆ ಉತ್ತರದಲ್ಲಿ ಕಳೆದುಕೊಂಡದ್ದನ್ನು ದಕ್ಷಿಣದಲ್ಲಿ ಬಡ್ಡಿ ಸಮೇತ ಪಡೆದಿದ್ದೇವೆ. ನಮ್ಮವರೇ ಇದನ್ನು ಜಾಸ್ತಿ ಹೇಳುವುದಿಲ್ಲ ಅನ್ನುವುದು ನನ್ನ ಹಳೇ ತಕರಾರು. ಮೇ ತಿಂಗಳ ನಡುವೆ, ಮುಂಗಾರಿಗೆ ಮುಂಚಿನ ಒಂದು ಜೋರು ಮಳೆ ಸಂಜೆ ಹೊಡೆದು ಧೂಳೆಲ್ಲ ತೊಳೆದು ಹೋಗಿರುತ್ತದಲ್ಲ, ಅಂಥ ರಾತ್ರಿ ಹತ್ತು ಇಪ್ಪತ್ತರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಒಂಟಿಯಾಗಿ ಹೊಳೆಯುವ ಬಿಳಿ ನಕ್ಷತ್ರ ಚಿತ್ತಾ. ಅಲ್ಲಿಂದ ನೇರ ಕೆಳಕ್ಕೆ, ಎಡಕ್ಕೂ ಬಲಕ್ಕೂ ಹೋಗದೆ, ಮೂರೂವರೆ ಮುಷ್ಟಿಗಿಂತ ಚೂರು ಜಾಸ್ತಿ ಇಳಿಯಿರಿ. ದಿಗಂತದಿಂದ ಮೂರು ಮುಷ್ಟಿ ಎತ್ತರ ಇರುತ್ತದೆ. ಅಲ್ಲಿ ಬೈನಾಕ್ಯುಲರ್ ಆಡಿಸಿ. ಚುಕ್ಕಿಗಳ ನಡುವೆ ದುಂಡಗೆ, ಹಿಂಜಿದ ಹತ್ತಿಯ ಉಂಡೆ ಸಿಗುತ್ತದೆ. ಸಿಕ್ಕಿದ ಮೇಲೆ ಅನುಮಾನವೇ ಬೇಡ, ಅಂಥದ್ದು ಸುತ್ತಮುತ್ತ ಇನ್ನೊಂದಿಲ್ಲ.

ಅದರ ಹೆಸರು ಒಮೆಗಾ ಸೆಂಟಾರಿ. ಹೆಸರು ಒಂಟಿ ನಕ್ಷತ್ರದ್ದು, ಯಾಕಂದರೆ ಬರಿಗಣ್ಣಿಗೆ ಮಸುಕು ನಕ್ಷತ್ರದ ಹಾಗೆ ಕಾಣುವುದರಿಂದ 1603ರಲ್ಲಿ ಬೇಯರ್ ಎಂಬ ಜರ್ಮನ್ ನಕ್ಷೆಗಾರ ತನ್ನ ನಕ್ಷೆಯಲ್ಲಿ ಅದಕ್ಕೂ ಒಂದು ಗ್ರೀಕ್ ಅಕ್ಷರ ಕೊಟ್ಟುಬಿಟ್ಟ. ಅದು ನಕ್ಷತ್ರ ಅಲ್ಲ ಅಂತ ಗುರುತಿಸಿದ್ದು ಧೂಮಕೇತುವಿನ ಹ್ಯಾಲಿ, 1677ರಲ್ಲಿ, ಅದೂ ಇಂಗ್ಲೆಂಡಿನಿಂದ ಅಲ್ಲ, ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗಿನಲ್ಲಿ ಹೋಗಿ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ನ್ಯೂಯಾರ್ಕಿನಲ್ಲಿ ದಿಗಂತಕ್ಕೆ ಅಂಟಿಕೊಂಡು ಎದ್ದ ಹಾಗೆ ಮಾಡಿ ಮುಳುಗುತ್ತದೆ. ದೆಹಲಿಯಲ್ಲೂ ತಗ್ಗು. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಡ್ಡೆ ಅದು, 17,000 ಜ್ಯೋತಿರ್ವರ್ಷ ದೂರ, ನಮ್ಮ ಕ್ಷೀರಪಥದಲ್ಲಿ ಹೀಗೆ ಉಂಡೆಗಟ್ಟಿದ ನಕ್ಷತ್ರ ಗುಂಪುಗಳಲ್ಲೆಲ್ಲ, ಅಂದರೆ ಗೋಳಗುಚ್ಛಗಳಲ್ಲೆಲ್ಲ, ದೊಡ್ಡದು. ಹ್ಯಾಲಿ ಹಡಗು ಹತ್ತಿ ಹೋಗಿ ನೋಡಿದ್ದನ್ನು ನೀವು ಲುಂಗಿ ಉಟ್ಟು ತಾರಸಿಯಿಂದ ನೋಡಬಹುದು. 50 ಮಿ.ಮೀ. ಗಾಜಿನಲ್ಲಿ ನಕ್ಷತ್ರಗಳು ಬಿಡಿಬಿಡಿಯಾಗುವುದಿಲ್ಲ, ಉಂಡೆಯಾಗಿಯೇ ಕಾಣುತ್ತದೆ.

ಅಲ್ಲಿಂದ ಕೆಳಗೆ ಬಲಕ್ಕೆ ಗಾಳಿಪಟದ ಹಾಗೆ ತ್ರಿಶಂಕು ನಕ್ಷತ್ರಪುಂಜ, ಕೆಳಗೆ ಎಡಕ್ಕೆ ಎರಡು ಜೋರು ನಕ್ಷತ್ರ. ಅವೆರಡರಲ್ಲಿ ಎಡಗಡೆಯದು ಆಲ್ಫಾ ಸೆಂಟಾರಿ, ನಮಗೆ ತೀರ ಹತ್ತಿರದ ನೆರೆಮನೆ, ನಾಲ್ಕು ಜ್ಯೋತಿರ್ವರ್ಷ ಮತ್ತು ಸ್ವಲ್ಪ. ಅದು ಒಂದಲ್ಲ, ಎರಡು ನಕ್ಷತ್ರ ಅಂತ ಮೊದಲು ಕಂಡದ್ದು ಎಲ್ಲಿಂದ ಗೊತ್ತಾ? ನಮ್ಮ ಪುದುಚೇರಿಯಿಂದ. 1689ರಲ್ಲಿ ಅಲ್ಲಿದ್ದ ರಿಶೋ ಎಂಬ ಫ್ರೆಂಚ್ ಪಾದ್ರಿ ಧೂಮಕೇತು ನೋಡಲು ಟೆಲಿಸ್ಕೋಪ್ ತಿರುಗಿಸಿದಾಗ.

ಇದನ್ನು ನೋಡಿ ಮುಗಿಸಿ ಹಾಗೇ ಬೆನ್ನು ತಿರುಗಿಸಿ ಸರ್, ಉತ್ತರಕ್ಕೆ. ಮುಂದಿನ ಪತ್ರಕ್ಕೆ ಉತ್ತರ ಅಲ್ಲಿದೆ.

ಪ್ರಶ್ನೆ: ನಮ್ಮ ಮದುವೆಯಲ್ಲಿ ಅರುಂಧತಿ ನಕ್ಷತ್ರ ತೋರಿಸುವಾಗ ಮಟಮಟ ಮಧ್ಯಾಹ್ನ. ಕಾಣಿಸ್ತಾ ಅಂದರು, ಹೂಂ ಅಂದೆ. ನಲವತ್ತೆರಡು ವರ್ಷ ಆಯಿತು. ಈಗಲಾದರೂ ನೋಡಬೇಕು. — ಅಜ್ಜಿ, ಗದಗ

ಅಜ್ಜೀ, ಆವತ್ತು ಹೂಂ ಅನ್ನದವರು ಯಾರಿದ್ದಾರೆ ಹೇಳಿ. ನಿಮ್ಮದು ಮೇ ತಿಂಗಳ ಮದುವೆ ಅಂತ ಪತ್ರದಲ್ಲೇ ಇದೆ. ಲೆಕ್ಕ ಹಾಕಿ ನೋಡಿದೆ. ಮೇ ನಡುವಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅರುಂಧತಿ ಆಕಾಶದಲ್ಲೇ ಇರುವುದಿಲ್ಲ, ದಿಗಂತದ ಕೆಳಗೆ ಇರುತ್ತದೆ. ಹುಟ್ಟುವುದು ಮೂರು ಗಂಟೆ ಸುಮಾರಿಗೆ, ಊಟ ಮುಗಿದು ಎಲೆ ಎತ್ತಿದ ಮೇಲೆ. ಪುರೋಹಿತರು ತೋರಿಸಿದ್ದು ಬರೀ ಮಂಟಪದ ಸೀರಿಯಲ್ ಸೆಟ್ಟು.

ಈಗ ನೋಡಿ. ಮೇ ನಡುವಿನಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಸೌಟು ಮಗುಚಿ ಹಾಕಿದ ಹಾಗೆ ಇರುತ್ತದೆ. ಸೌಟಿನ ಹಿಡಿಯಲ್ಲಿ ಮೂರು ನಕ್ಷತ್ರ, ನಡುವಿನದು ವಸಿಷ್ಠ. ಅದು ಸರಿಯಾಗಿ ಉತ್ತರದ ಮೇಲೆ, ದಿಗಂತದಿಂದ ಸುಮಾರು ಐದು ಮುಷ್ಟಿ ಎತ್ತರದಲ್ಲಿ. ಅವನಿಗೆ ಅಂಟಿಕೊಂಡ ಸಣ್ಣ ಚುಕ್ಕಿಯೇ ಅರುಂಧತಿ. ಕಣ್ಣು ಚುರುಕಿದ್ದವರಿಗೆ ಹಾಗೇ ಕಾಣುತ್ತದೆ. ಬೈನಾಕ್ಯುಲರಿನಲ್ಲಿ ಇಬ್ಬರೂ ದೂರ ದೂರ ಕೂತಿರುತ್ತಾರೆ, ಅವರ ಮಧ್ಯೆ ಚೂರು ಪಕ್ಕಕ್ಕೆ ಇನ್ನೊಂದು ಮಂಕು ಚುಕ್ಕಿ. ಅದು ಮಗು ಅಲ್ಲ, ಅವರಿಗೆ ಸಂಬಂಧ ಇಲ್ಲದ ಬಹು ದೂರದ ನಕ್ಷತ್ರ, ಸುಮ್ನೆ ಅದೇ ದಿಕ್ಕಿನಲ್ಲಿದೆ.

ಮೈಸೂರಿನ ಮೇಷ್ಟ್ರಿಗೆ ಹೇಳಿದ ಮಾತು ಇಲ್ಲಿದೆ. ವಸಿಷ್ಠ ಅರುಂಧತಿ, ಚಿತ್ತಾ, ಒಮೆಗಾ ಸೆಂಟಾರಿ, ಮೂರೂ ಉತ್ತರದಿಂದ ದಕ್ಷಿಣಕ್ಕೆ ಎಳೆದ ಒಂದೇ ಗೆರೆಯ ಮೇಲಿವೆ. ಮೂರೂ ಕೆಲವೇ ನಿಮಿಷದ ಅಂತರದಲ್ಲಿ ನೆತ್ತಿಯ ಗೆರೆ ದಾಟುತ್ತವೆ. ಕುರ್ಚಿ ಹಾಕಿಕೊಂಡು ಈ ಕಡೆಯಿಂದ ಆ ಕಡೆಗೆ ಒಂದು ಸಲ ತಲೆ ತಿರುಗಿಸಿದರೆ ಸಾಕು. ಅಜ್ಜನನ್ನೂ ಕರೆಯಿರಿ. ಅವರೂ ಹೂಂ ಅಂದವರೇ ಅಲ್ವಾ.

ಪ್ರಶ್ನೆ: ಎರಡೇ ಮಳೆಗಾಲಕ್ಕೆ ಲೆನ್ಸಿನ ಒಳಗೆ ಜೇಡರ ಬಲೆ ತರಹ ಬಂದಿದೆ. ಬಿಚ್ಚಿ ಒರೆಸಲಾ? — ಉಡುಪಿ

ದಯವಿಟ್ಟು ಬಿಚ್ಚಬೇಡಿ. ಒಳಗಿನ ಪಟ್ಟಕ ಕೂದಲೆಳೆಯಷ್ಟು ಸರಿದರೂ ಎಲ್ಲ ಎರಡೆರಡು ಕಾಣಲು ಶುರುವಾಗುತ್ತದೆ. ಅದು ಬೂಷ್ಟು. ಕರಾವಳಿ, ಮಲೆನಾಡಿನ ಎಲ್ಲ ಗಾಜಿಗೂ ಇದೇ ಶತ್ರು. ಕ್ಯಾಮೆರಾ ರಿಪೇರಿ ಮಾಡುವವರ ಹತ್ತಿರ ಕೊಡಿ. ಬೇಗ ಕೊಟ್ಟರೆ ಹೋಗುತ್ತದೆ, ತಡವಾದರೆ ಗಾಜಿನ ಲೇಪವನ್ನೇ ತಿಂದು ಕಲೆ ಉಳಿಸುತ್ತದೆ.

ಚರ್ಮದ ಚೀಲದಲ್ಲಿ ಬೀರುವಿನೊಳಗೆ ಇಟ್ಟಿದ್ದಿರಿ ಅಲ್ವಾ? ಆ ಚೀಲವೇ ತೇವ ಹಿಡಿಯುವುದು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಯಿಸುವ ಹರಳು ಸಿಗುತ್ತವೆ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಇಬ್ಬನಿಯಲ್ಲಿ ಒದ್ದೆಯಾಗಿ ಬಂದ ಬೈನಾಕ್ಯುಲರನ್ನು ಹಾಗೇ ಡಬ್ಬಕ್ಕೆ ಹಾಕಬೇಡಿ, ಫ್ಯಾನ್ ಕೆಳಗೆ ಆರಿಸಿ. ಹೊರಗಿನ ಗಾಜನ್ನು ಸೆರಗು, ಪಂಚೆಯ ತುದಿಯಿಂದ ಉಜ್ಜುವುದೂ ಬೇಡ, ಮೊದಲು ಧೂಳು ಊದಿ ತೆಗೆಯಿರಿ.

ಪ್ರಶ್ನೆ: 2019ರ ಡಿಸೆಂಬರ್ ಗ್ರಹಣಕ್ಕೆ ತಂದ ಗ್ರಹಣದ ಕನ್ನಡಕ ಇದೆ. ಅದನ್ನು ಹಾಕಿಕೊಂಡು ಬೈನಾಕ್ಯುಲರಿನಲ್ಲಿ ಸೂರ್ಯನ ಕಲೆ ನೋಡಬಹುದಾ? — ಕಲಬುರಗಿ

ಬೇಡ. ಖಂಡಿತ ಬೇಡ. ಬೈನಾಕ್ಯುಲರ್ ಒಟ್ಟುಗೂಡಿಸಿದ ಬಿಸಿಲು ಆ ಕನ್ನಡಕವನ್ನು ಕ್ಷಣದಲ್ಲಿ ಸುಟ್ಟು ಕಣ್ಣಿಗೆ ಇಳಿಯುತ್ತದೆ. ಕಣ್ಣಿನ ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಸುಟ್ಟದ್ದು ತಿಳಿಯುವುದು ಆಮೇಲೆ. ಸೂರ್ಯನಿಗೆ ಅಂತಲೇ ಮಾಡಿದ ಫಿಲ್ಟರ್ ಎರಡೂ ಮುಂದಿನ ಗಾಜುಗಳ ಮುಂದೆ ಭದ್ರವಾಗಿ ಕೂತಿದ್ದರೆ ಮಾತ್ರ ಮಾತು. ಮಕ್ಕಳ ಕೈಗೆ ಹಗಲಲ್ಲಿ ಬೈನಾಕ್ಯುಲರ್ ಕೊಟ್ಟು ಒಳಗೆ ಹೋಗಬೇಡಿ.

ಪ್ರಶ್ನೆ: ಮೊನ್ನೆ ಸಂಜೆ ರೈಲಿನ ಹಾಗೆ ದೀಪಗಳ ಸಾಲು ಸದ್ದಿಲ್ಲದೆ ಹೋಯಿತು. ಊರೆಲ್ಲ ಅದೇ ಮಾತು. — ಕೊಪ್ಪಳ

ಸ್ಟಾರ್‌ಲಿಂಕ್ ಉಪಗ್ರಹಗಳು. ಒಟ್ಟಿಗೆ ಹಾರಿಸಿದ ಹೊಸತರಲ್ಲಿ ಹಾಗೆ ಸಾಲಾಗಿ ಹೋಗುತ್ತವೆ, ಕೆಲವು ದಿನಕ್ಕೆ ಚದುರುತ್ತವೆ. ನೆಲದಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ಅದೇ ಹೊಳಪು.

ಪ್ರಶ್ನೆ: ತಾರಸಿಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತರೆ ಎದುರು ಮನೆಯವರು ಕಿಟಕಿ ಹಾಕುತ್ತಾರೆ. ಓನರ್ ಹತ್ತಿರ ದೂರೂ ಹೋಗಿದೆ. — ಬಾಡಿಗೆ ಮನೆಯ ಬ್ರಹ್ಮಚಾರಿ, ಹುಬ್ಬಳ್ಳಿ

ಅವರ ಜಾಗದಲ್ಲಿ ನಾನಿದ್ದರೂ ಕಿಟಕಿ ಹಾಕುತ್ತಿದ್ದೆ. ಒಂದು ಅಷ್ಟಮಿ ದಿನ ಓನರ್ ಆಂಟಿಯನ್ನೂ ಎದುರು ಮನೆಯ ಮಕ್ಕಳನ್ನೂ ಮೇಲೆ ಕರೆದು ಚಂದ್ರನನ್ನು ತೋರಿಸಿ. ಮರುದಿನದಿಂದ ನಿಮಗೇ ಬೈನಾಕ್ಯುಲರ್ ಸಿಗುವುದಿಲ್ಲ, ಅದು ಬೇರೆ ಸಮಸ್ಯೆ.

ಪ್ರಶ್ನೆ: ಅಪ್ಪನಿಗೆ ಎಂಬತ್ತು ವರ್ಷ, ಮಂಡಿ ನೋವು, ಮೆಟ್ಟಿಲು ಹತ್ತಲಾರರು. ಅವರ ಕೋಣೆಗೆ ಪಶ್ಚಿಮಕ್ಕೆ ಒಂದು ಕಿಟಕಿ ಇದೆ, ಅಷ್ಟೇ. ನಿಮ್ಮ ಅಂಕಣ ಓದಿ ಬೈನಾಕ್ಯುಲರ್ ತಾ ಅನ್ನುತ್ತಿದ್ದಾರೆ. ತರಲಾ? — ಮಗಳು, ತುಮಕೂರು

ತನ್ನಿ. ಇಂಗ್ಲೆಂಡಿನಲ್ಲಿ ಜಾರ್ಜ್ ಆಲ್ಕಾಕ್ ಅಂತ ಒಬ್ಬ ಶಾಲಾ ಮೇಷ್ಟ್ರು ಇದ್ದರು. ಸಾವಿರಾರು ನಕ್ಷತ್ರಗಳ ಜಾಗ ಅವರಿಗೆ ಬಾಯಿಪಾಠ. 1983ರ ಮೇ ತಿಂಗಳಲ್ಲಿ ಅವರು ಮನೆಯೊಳಗೇ ಇದ್ದು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಬೈನಾಕ್ಯುಲರಿನಲ್ಲಿ ನೋಡುತ್ತಾ ಒಂದು ಹೊಸ ಧೂಮಕೇತು ಹಿಡಿದರು. ಅದು ಭೂಮಿಯಿಂದ ಸುಮಾರು 47 ಲಕ್ಷ ಕಿಲೋಮೀಟರ್ ಹತ್ತಿರಕ್ಕೆ ಬಂದು ಹೋಯಿತು. ಧೂಮಕೇತುವಿನ ಲೆಕ್ಕದಲ್ಲಿ ಇದು ನಮ್ಮ ಅಂಗಳಕ್ಕೇ ಬಂದ ಹಾಗೆ. ಈಗಲೂ ಅದರ ಹೆಸರಿನ ಕೊನೆಯಲ್ಲಿ ಆಲ್ಕಾಕ್ ಇದೆ.

ಅಪ್ಪನಿಗೆ 10×50 ಭಾರ ಆಗಬಹುದು, ಮುಕ್ಕಾಲು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಹಗುರದ 8×40 ನೋಡಿ, ಬೆಳಕಿನ ಬಿಲ್ಲೆ ಅದೇ 5 ಮಿ.ಮೀ. ಕುರ್ಚಿಯನ್ನು ಕಿಟಕಿಗೆ ತಾಗಿಸಿ ಹಾಕಿ, ಗಾಜು ತೆರೆಯಿರಿ, ಸೊಳ್ಳೆ ಪರದೆ ಇದ್ದರೆ ಅದನ್ನೂ ಸರಿಸಿ. ಕೋಣೆಯ ದೀಪ ಆರಿಸಿ, ಕಿಟಕಿಯ ಚೌಕಟ್ಟಿಗೆ ದಿಂಬು ಇಟ್ಟು ಅದರ ಮೇಲೆ ಮೊಣಕೈ ಊರಲಿ. ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಕೈಗೆ ಕೊಡಿ. ಪಶ್ಚಿಮದ ಕಿಟಕಿಗೆ ಮೊದಲ ನೋಟ ಅಮಾವಾಸ್ಯೆ ಕಳೆದ ಬಿದಿಗೆ ತದಿಗೆಯ ಚಂದ್ರ. ಉಗುರಿನಷ್ಟು ತೆಳು ಬೆಳಕು, ಉಳಿದ ಭಾಗವೂ ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ದುಂಡಗೆ ಕಾಣುತ್ತದೆ. ಆ ಮಂಕು ಬೆಳಕು ಚಂದ್ರನದ್ದಲ್ಲ, ನಮ್ಮ ಭೂಮಿಯಿಂದ ಅಲ್ಲಿಗೆ ಹೋಗಿ ವಾಪಸ್ ಬಂದದ್ದು. ಮುಂದಿನ ತದಿಗೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ ಗುರುತು ಹಾಕಿಡಿ. ಕತ್ತಲಾದ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ, ಅಪ್ಪನ ಸಂಜೆ ಕಾಫಿ ಅದಕ್ಕೂ ಮುಂಚೆಯೇ ಆಗಿಬಿಡಲಿ.